ಯಡಿಯೂರಿಗೆ ಬಂದ ಸೂರ್ಯನ ಕುದುರೆ

ದಸರೆ ರಜೆಗೆಂದು ಯಡಿಯೂರಿಗೆ ಹೊರಟಾಗ ನಮ್ಮ ಜೊತೆ ಮೂರು ಚೀಲಗಳಿದ್ದವು. ಒಂದು ನನ್ನದು, ಒಂದು ಮೊಮ್ಮಗಳು ಪುಟ್ಟಿಯದು. ಮೂರನೆಯದು ಸೂರ್ಯನ ಕುದುರೆಯದು.

ಸೂರ್ಯನ ಕುದುರೆ ಅಂದರೆ ಗೊತ್ತಲ್ಲವೇ? ಗಿಡದ ಮೇಲೆ ಎಲೆಯ ಬಣ್ಣದಲ್ಲೇ ಕೂತು, ಮುಂಗಾಲೆರಡನ್ನೂ ಮಡಚಿ ಎದೆಗೆ ಒತ್ತಿಕೊಂಡು, ಕೈಮುಗಿದವರ ಹಾಗೆ ಕಾಣುವ ಹುಳು. ಇಂಗ್ಲಿಷಿನವರೂ ಆ ಭಂಗಿ ನೋಡಿಯೇ ಅದಕ್ಕೆ ಪ್ರಾರ್ಥನೆಯ ಹೆಸರಿಟ್ಟಿದ್ದಾರೆ. ನಿಜ ಹೇಳಬೇಕೆಂದರೆ ಅದು ಕೈಮುಗಿಯುವುದು ಊಟಕ್ಕೆ. ಮುಂಗಾಲಿನ ಒಳಬದಿಯಲ್ಲಿ ಗರಗಸದ ಹಲ್ಲಿನಂಥ ಮುಳ್ಳುಗಳ ಸಾಲಿದೆ. ಹತ್ತಿರ ಸುಳಿದ ನೊಣವೋ ಮಿಡತೆಯೋ ಆ ಮುಳ್ಳುಗಳ ನಡುವೆ ಸಿಕ್ಕಿಕೊಂಡರೆ ಮುಗಿಯಿತು. ಕಣ್ಣುಗಳು ಐದು: ಎರಡು ದೊಡ್ಡವು, ಅವುಗಳ ನಡುವೆ ಹಣೆಯ ಮೇಲೆ ಚುಕ್ಕಿಯಂಥವು ಮೂರು. ಕತ್ತು ತಿರುಗಿಸಿ ಹಿಂದಕ್ಕೂ ನೋಡುತ್ತದೆ. ತಾನು ಮಾತಾಡಿಸಿದರೆ ಅದು ತನ್ನ ಕಡೆ ತಿರುಗುತ್ತದೆ ಎಂದು ಪುಟ್ಟಿಯ ವಾದ. ಅವಳು ಕೈ ಆಡಿಸಿಕೊಂಡು ಮಾತಾಡುತ್ತಾಳೆ, ಅದಕ್ಕೇ ತಿರುಗುತ್ತದೆ ಎಂದು ನನ್ನ ವಾದ.

ಅದು ಸಿಕ್ಕಿದ್ದು ಗಣೇಶನ ಹಬ್ಬದ ವಾರ, ಬೆಂಗಳೂರಿನ ನಮ್ಮ ಮನೆಯ ತಾರಸಿಯ ದಾಸವಾಳದ ಕುಂಡದಲ್ಲಿ. ಆಗ ಕಿರುಬೆರಳಿನ ಎರಡು ಗೆಣ್ಣಿನಷ್ಟು ಉದ್ದವಿತ್ತು, ರೆಕ್ಕೆ ಇರಲಿಲ್ಲ. ಹಳೆಯ ಪ್ಲಾಸ್ಟಿಕ್ ಡಬ್ಬದ ಮುಚ್ಚಳ ಕತ್ತರಿಸಿ, ಸೊಳ್ಳೆ ಪರದೆಯ ತುಂಡು ಕಟ್ಟಿ, ಒಳಗೊಂದು ಒಣಕಡ್ಡಿ ನಿಲ್ಲಿಸಿ ಮನೆ ಮಾಡಿದೆವು. ಊಟದ್ದೇ ಕಷ್ಟ. ಅದು ಅಲ್ಲಾಡದಿದ್ದುದನ್ನು ತಿನ್ನುವುದಿಲ್ಲ. ಅನ್ನ, ಹಣ್ಣು, ಸತ್ತ ನೊಣ ಯಾವುದೂ ಆಗದು. ಮೊದಮೊದಲು ಬಾಳೆಹಣ್ಣಿನ ಸಿಪ್ಪೆಗೆ ಮುತ್ತುವ ಸಣ್ಣ ನೊಣ ಹಿಡಿದು ಬಿಟ್ಟೆವು. ಆಮೇಲೆ ಪಕ್ಕದ ಖಾಲಿ ಸೈಟಿನ ಹುಲ್ಲಿನಲ್ಲಿ ಮಿಡತೆ ಹಿಡಿಯುವುದು ನನ್ನ ಸಂಜೆಯ ವಾಕಿಂಗ್ ಆಯಿತು. ಅರವತ್ತೆಂಟು ವರ್ಷದ ಮನುಷ್ಯ ಟವೆಲ್ ಹಿಡಿದು ಹುಲ್ಲಿನಲ್ಲಿ ಕುಪ್ಪಳಿಸುವುದನ್ನು ಬೀದಿಯವರೆಲ್ಲ ನೋಡಿದ್ದಾರೆ.

ಯಶವಂತಪುರದಲ್ಲಿ ರೈಲು ಹತ್ತಿದೆವು. ನಾನು ಹುಡುಗನಾಗಿದ್ದಾಗ ಈ ದಾರಿಗೆ ಬಸ್ಸೇ ಗತಿ. ಕುಣಿಗಲ್ ಮೇಲೆ ಹಾಸನಕ್ಕೆ ಹೋಗುವ ರೈಲು ಬಂದದ್ದು 2017ರಲ್ಲಿ. ಎದುರು ಸೀಟಿನ ಹೆಂಗಸು ಪುಟ್ಟಿಯ ತೊಡೆಯ ಮೇಲಿದ್ದ ಚೀಲ ನೋಡಿ, “ಏನಮ್ಮ, ಡಬ್ಬೀಲಿ ತಿಂಡೀನಾ?” ಎಂದರು.

“ಅಲ್ಲ ಆಂಟಿ, ಕುದುರೆ.”

ಆಮೇಲೆ ಕುಣಿಗಲ್‌ವರೆಗೂ ಆ ಬೋಗಿಯಲ್ಲಿ ಬೇರೆ ಮಾತಿಲ್ಲ. ಡಬ್ಬ ಕೈಯಿಂದ ಕೈಗೆ ಹೋಗಿ ಬಂತು. ಕುಣಿಗಲ್ ನಿಲ್ದಾಣದಲ್ಲಿ ನಿಂತಾಗ, ಇಲ್ಲಿ ಟಿಪ್ಪು ಸುಲ್ತಾನನ ಕಾಲದಿಂದಲೂ ಕುದುರೆ ಸಾಕುತ್ತಾರೆ, ರೇಸಿಗೆ ಓಡುವ ಎಷ್ಟೋ ಕುದುರೆಗಳು ಇಲ್ಲಿಯ ಫಾರಮ್ಮಿನಲ್ಲೇ ಹುಟ್ಟಿದವು ಎಂದು ಹೇಳಿದೆ.

“ಅವು ಏನು ತಿನ್ನುತ್ತವೆ ತಾತ?”

“ಹುಲ್ಲು, ಹುರುಳಿ.”

“ನನ್ನ ಕುದುರೆ ಹುಲ್ಲು ತಿನ್ನಲ್ಲ. ಹುಲ್ಲು ತಿಂದೋರನ್ನ ತಿನ್ನುತ್ತೆ.”

ಎಲ್ಲರೂ ನಕ್ಕರು, ನಾನೂ ನಕ್ಕೆ. ಆ ಮಾತನ್ನು ಅಲ್ಲೇ ಸ್ವಲ್ಪ ಯೋಚಿಸಿದ್ದರೆ ಮಾರನೆಯ ಬೆಳಗ್ಗೆ ಅಷ್ಟು ಕಣ್ಣೀರು ಬರುತ್ತಿರಲಿಲ್ಲ.

ಯಡಿಯೂರು ಕುಣಿಗಲ್‌ನಿಂದ ಮುಂದೆ, ಹೆದ್ದಾರಿಯಲ್ಲಿ ಸುಮಾರು ಇಪ್ಪತ್ತು ಕಿಲೋಮೀಟರ್. ಊರಿನ ಹೆಸರು ಹೇಳಿದರೆ ಎಲ್ಲರಿಗೂ ನೆನಪಾಗುವುದು ತೋಂಟದ ಸಿದ್ಧಲಿಂಗೇಶ್ವರರ ಗದ್ದುಗೆ. ಹತ್ತಿರದ ಕಗ್ಗೆರೆಯ ತೋಟದಲ್ಲಿ ಅವರು ತಪಸ್ಸಿಗೆ ಕೂತಿದ್ದರಂತೆ. ಅದಕ್ಕೇ ‘ತೋಂಟದ’ ಎಂಬ ಹೆಸರು. ಮೈಮೇಲೆ ಹುತ್ತ ಬೆಳೆಯಿತು, ಹಸುವೊಂದು ಬಂದು ಹುತ್ತಕ್ಕೆ ಹಾಲು ಕರೆಯುತ್ತಿತ್ತು ಎಂದು ಕಥೆ. ನನ್ನ ಅಜ್ಜಿ ಈ ಕಥೆ ಹೇಳುವಾಗ ಹಸುವಿನ ಬಣ್ಣವನ್ನೂ ಹೇಳುತ್ತಿದ್ದರು. ಪುಟ್ಟಿಗೆ ಹುತ್ತದ ಮೇಲೇ ಆಸಕ್ತಿ. ಎಷ್ಟು ಗೆದ್ದಲು ಬೇಕಾಯಿತು, ಎಷ್ಟು ದಿನ ಹಿಡಿಯಿತು ಎಂದು ಕೇಳುತ್ತಲೇ ದರ್ಶನದ ಸಾಲು ಮುಗಿಯಿತು. ದಾಸೋಹದಲ್ಲಿ ಊಟ ಮಾಡಿದೆವು. ಪಾಯಸ ಬಡಿಸಿದಾಗ ಅವಳು ಮೆಲ್ಲಗೆ, “ನಮ್ಮ ಮಿಡತೆಗಳಿಗೂ ಹಸಿವಾಗಿರುತ್ತೆ ತಾತ” ಎಂದಳು.

ಹೌದು, ಮರೆತಿದ್ದೆ. ಸೂರ್ಯನ ಕುದುರೆಯ ಬುತ್ತಿ ಎಂದು ಆರು ಮಿಡತೆಗಳನ್ನು ಇನ್ನೊಂದು ಡಬ್ಬದಲ್ಲಿ ತಂದಿದ್ದೆವು. ಹಾಕಿದ್ದ ಹುಲ್ಲು ಬಾಡಿ ದಾರವಾಗಿತ್ತು. ಹೊರಗೆ ತರಕಾರಿ ಮಾರುವ ಕಡೆ ಎಲೆಕೋಸಿನ ಮೇಲಿನ ಎಲೆಗಳನ್ನು ಕಿತ್ತು ರಾಶಿ ಹಾಕಿದ್ದರು. ಎರಡು ಎತ್ತಿಕೊಂಡೆ. ಹಸಿರಾಗಿ, ದಪ್ಪಗೆ, ಒಂದು ತೂತೂ ಇಲ್ಲದ ಎಲೆ. ದುಡ್ಡೂ ಇಲ್ಲ. ಡಬ್ಬಕ್ಕೆ ಹಾಕಿದೊಡನೆ ಮಿಡತೆಗಳು ಅಂಚು ಹಿಡಿದು ಕರಕರನೆ ತಿನ್ನತೊಡಗಿದವು. ನನಗೂ ಖುಷಿಯಾಯಿತು.

ಅಕ್ಕನ ಮನೆ ಊರಿನಿಂದ ಮಾರ್ಕೋನಹಳ್ಳಿ ಕಡೆಗೆ ಹೋಗುವ ದಾರಿಯಲ್ಲಿದೆ. ಮಾರ್ಕೋನಹಳ್ಳಿಯಲ್ಲಿ ಶಿಂಷಾ ನದಿಗೆ ಅಣೆಕಟ್ಟಿದೆ. ಕೆರೆ ತುಂಬಿದಾಗ ಯಾರೂ ಬಾಗಿಲೆತ್ತದೆ ನೀರು ತಾನಾಗಿಯೇ ಸೈಫನ್ ಮೂಲಕ ಹೊರಗೆ ಧುಮುಕುತ್ತದೆ. ಅದನ್ನು ನೋಡುವುದೇ ಈ ಪ್ರವಾಸದ ಮುಖ್ಯ ಉದ್ದೇಶವಾಗಿತ್ತು. ಆಗಲಿಲ್ಲ. ಯಾಕೆಂದು ಹೇಳುತ್ತೇನೆ.

ಅಕ್ಕನಿಗೆ ಎಪ್ಪತ್ತಮೂರು ವರ್ಷ. ಈಗಲೂ ರೇಷ್ಮೆ ಹುಳು ಸಾಕುತ್ತಾಳೆ. ಮನೆಗೆ ಕಾಲಿಟ್ಟೊಡನೆ, “ಲೋ, ನಿನ್ನ ಹುಳಾನ ನನ್ನ ಹುಳುಮನೆ ಹತ್ರ ಮಾತ್ರ ತರಬೇಡ” ಎಂದು ನಗುತ್ತ ಎಚ್ಚರಿಸಿದಳು. ರಾತ್ರಿ ಪುಟ್ಟಿ ಒಂದು ಮಿಡತೆಯನ್ನು ಸೂರ್ಯನ ಕುದುರೆಯ ಡಬ್ಬಕ್ಕೆ ಬಿಟ್ಟಳು. ಅದು ಪರದೆಗೆ ತಲೆಕೆಳಗಾಗಿ ನೇತಾಡುತ್ತಿತ್ತು. ಮಿಡತೆ ಮೂಗಿನ ಕೆಳಗೇ ನಡೆದರೂ ಕೈ ಚಾಚಲಿಲ್ಲ. ಪ್ರಯಾಣದ ಸುಸ್ತು ಎಂದುಕೊಂಡು ಮಲಗಿದೆವು.

ಬೆಳಗ್ಗೆ ಪುಟ್ಟಿಯ ಕೂಗಿಗೆ ಎಚ್ಚರವಾಯಿತು. ಬುತ್ತಿ ಡಬ್ಬದ ಐದು ಮಿಡತೆಗಳಲ್ಲಿ ನಾಲ್ಕು ಕಾಲು ಮೇಲೆ ಮಾಡಿ ಸತ್ತಿದ್ದವು. ಐದನೆಯದು ಬಿದ್ದಲ್ಲೇ ಹಿಂಗಾಲು ಅದುರಿಸುತ್ತಿತ್ತು. ಸೂರ್ಯನ ಕುದುರೆಯ ಡಬ್ಬದಲ್ಲಿ ಬಿಟ್ಟಿದ್ದ ಮಿಡತೆಯೂ ಸತ್ತು ಬಿದ್ದಿತ್ತು. ಸೂರ್ಯನ ಕುದುರೆ ಮಾತ್ರ ನಿನ್ನೆ ಎಲ್ಲಿತ್ತೋ ಅಲ್ಲೇ ನೇತಾಡುತ್ತಿತ್ತು. ಬಣ್ಣ ಮಂಕಾಗಿತ್ತು. ಊದಿದರೂ ತಲೆ ತಿರುಗಿಸಲಿಲ್ಲ.

“ನೀನೇ ತಾತ, ನೀನೇ ಆ ಎಲೆ ಹಾಕಿದ್ದು!” ಎಂದು ಅವಳು ಅತ್ತಳು. ನಾನೇನು ಹೇಳಲಿ? ಹಾಕಿದ್ದು ನಾನೇ.

ಅಕ್ಕ ಬಂದಳು. ಮೊದಲು ಎಲೆಕೋಸಿನ ಚೂರು ಎತ್ತಿ ಮೂಸಿದಳು. “ಎಲ್ಲಿಂದ ತಂದೆ?” ಎಂದಳು. ಹೇಳಿದೆ. “ತೂತಿಲ್ಲದ ಕೋಸಿನ ಎಲೆ! ಅಷ್ಟು ಚೆಂದಾಗಿದೆ ಅಂದ್ರೆ ಒಂದು ಹುಳಾನೂ ಬಾಯಿ ಹಾಕಿಲ್ಲ ಅಂತ. ಯಾಕೆ ಹಾಕಿಲ್ಲ ಅಂತ ಯೋಚನೆ ಮಾಡಬಾರದಾ? ಔಷಧಿ ಹೊಡೆದಿರ್ತಾರೆ ಕಣಪ್ಪ. ಹೊಡೆದ ಔಷಧಿ ಮೊದಲು ಬೀಳೋದೇ ಮೇಲಿನ ಎಲೆ ಮೇಲೆ. ನಾವು ಅದನ್ನ ಕಿತ್ತು ಬಿಸಾಕಿ ಒಳಗಿಂದು ತಿಂತೀವಿ. ನೀನು ಬಿಸಾಕಿದ್ದನ್ನೇ ಆರಿಸ್ಕೊಂಡು ಬಂದಿದ್ದೀಯ.”

ಆಮೇಲೆ ಹಿತ್ತಲ ಕಟ್ಟೆಯ ಮೇಲೆ ಕೂತು, ನನಗೂ ಗೊತ್ತಿಲ್ಲದ ಒಂದು ಸಂಗತಿ ಹೇಳಿದಳು. ಕೆಲವು ವರ್ಷದ ಹಿಂದೆ ನೂರು ಮೊಟ್ಟೆ ಸಾಕಿದ್ದರಂತೆ. ಮಕ್ಕಳೇ, ರೇಷ್ಮೆಯವರ ಲೆಕ್ಕದಲ್ಲಿ ‘ಒಂದು ಮೊಟ್ಟೆ’ ಎಂದರೆ ಒಂದು ಚಿಟ್ಟೆ ಇಟ್ಟ ಅಷ್ಟೂ ಮೊಟ್ಟೆ. ಅದರಿಂದ ಸುಮಾರು 400 ಹುಳು ಬರುತ್ತವೆ. ನೂರು ಮೊಟ್ಟೆಗೆ ನೀವೇ ಗುಣಿಸಿಕೊಳ್ಳಿ. ನಾಲ್ಕನೇ ಜ್ವರದಿಂದೆದ್ದು ಹುಳು ಹೊಟ್ಟೆಬಾಕರಾಗಿದ್ದ ಸಮಯ. ಹುಳುಮನೆಯ ತುಂಬ ಮಳೆ ಬಿದ್ದ ಹಾಗೆ ಎಲೆ ಮೇಯುವ ಸದ್ದು. ಆ ದಿನ ತಂದ ಹಿಪ್ಪುನೇರಳೆ ಸೊಪ್ಪು ಟೊಮೆಟೊ ಹೊಲದ ಅಂಚಿನ ಸಾಲಿನದು. ಹಿಂದಿನ ದಿನ ಆ ಹೊಲಕ್ಕೆ ಔಷಧಿ ಹೊಡೆದಿದ್ದರು, ಗಾಳಿ ಈ ಕಡೆಗಿತ್ತು. ಸಂಜೆಯ ಹೊತ್ತಿಗೆ ಹುಳುಗಳು ತಲೆ ಎತ್ತಿ ಅತ್ತಿತ್ತ ಆಡಿಸುತ್ತ ಬಾಯಿಂದ ಹಸಿರು ನೀರು ಕಾರತೊಡಗಿದವು. ಮೈ ಕುಗ್ಗಿ ಗಿಡ್ಡವಾದವು. ರಾಮನಗರದ ಗೂಡಿನ ಮಾರುಕಟ್ಟೆಗೆ ಹೋಗಬೇಕಾದದ್ದನ್ನು ಗುಂಡಿ ತೋಡಿ ಮುಚ್ಚಿದರಂತೆ. “ಮೊಮ್ಮಗನ ಕಾಲೇಜು ಫೀಜು ಅದು” ಎಂದಷ್ಟೇ ಹೇಳಿ ಅಕ್ಕ ಎದ್ದಳು.

ಅಂದಿನಿಂದ ಅವಳದೊಂದು ಕ್ರಮ. ಅನುಮಾನದ ಸೊಪ್ಪು ಬಂದರೆ ಮೊದಲು ನಾಲ್ಕೈದು ಹುಳಕ್ಕೆ ಹಾಕಿ ಬೇರೆ ಇಡುತ್ತಾಳೆ. ಅವು ಮೇದು ಚೆನ್ನಾಗಿದ್ದರೆ ಮಾತ್ರ ಉಳಿದವಕ್ಕೆ. ಹುಳುಮನೆಯ ಹತ್ತಿರ ಸೊಳ್ಳೆ ಬತ್ತಿ ಇಲ್ಲ, ಸ್ಪ್ರೇ ಇಲ್ಲ, ಹೊಗೆಸೊಪ್ಪು ಮುಟ್ಟಿದ ಕೈ ಇಲ್ಲ.

ಇಷ್ಟು ಹೇಳಿದ ಮೇಲೆ ಅಕ್ಕ ಸೂರ್ಯನ ಕುದುರೆಯ ಡಬ್ಬವನ್ನು ಬೆಳಕಿಗೆ ಹಿಡಿದಳು. ಬೆನ್ನಿನ ಮೇಲೆ ರೆಕ್ಕೆಯ ಮೊಗ್ಗುಗಳಿದ್ದವಲ್ಲ, ಅವು ಊದಿಕೊಂಡಿದ್ದವು. ಬಹಳ ಹೊತ್ತು ನೋಡಿದಳು.

“ಅಳಬೇಡ ಮಗಾ. ಇದು ಆ ಮಿಡತೆ ತಿಂದಿಲ್ಲ, ಇಡಿಯಾಗಿ ಬಿದ್ದಿದೆ ನೋಡು. ಇದಕ್ಕೆ ವಿಷ ಏರಿಲ್ಲ. ಇದು ಜ್ವರಕ್ಕೆ ಕೂತಿದೆ.”

“ಜ್ವರಾನಾ ದೊಡ್ಡಜ್ಜಿ? ಮಾತ್ರೆ ಕೊಡಬೇಕಾ?”

ಅಕ್ಕ ನಕ್ಕಳು. ರೇಷ್ಮೆ ಸಾಕುವವರ ಮಾತಿನಲ್ಲಿ ಜ್ವರ ಎಂದರೆ ಕಾಯಿಲೆಯಲ್ಲ. ಹುಳು ಮೇಯುವುದನ್ನು ಬಿಟ್ಟು, ತಲೆ ಎತ್ತಿ ಅಲ್ಲಾಡದೆ ಕೂತು, ಹಳೆಯ ಪೊರೆ ಕಳಚುವ ಸಮಯ. ರೇಷ್ಮೆ ಹುಳುವಿಗೆ ಇಂಥ ಜ್ವರ ನಾಲ್ಕು. ಆಗ ಸೊಪ್ಪು ಹಾಕಬಾರದು, ಮುಟ್ಟಬಾರದು. ಸೂರ್ಯನ ಕುದುರೆಯೂ ಹೀಗೇ ಪೊರೆ ಬಿಡುತ್ತಲೇ ಬೆಳೆಯುತ್ತದೆ. ಹಿಂದೆ ಎರಡು ಸಲ ಬೆಳಗೆದ್ದಾಗ ಡಬ್ಬದಲ್ಲಿ ಬಿಳಿ ಪೊರೆ ಬಿದ್ದಿದ್ದನ್ನು ನಾವೇ ನೋಡಿದ್ದೆವು. ಆದರೆ ಅದಕ್ಕೆ ಮುಂಚೆ ಊಟ ಬಿಡುತ್ತದೆ ಎಂಬುದನ್ನು ಗಮನಿಸಿರಲಿಲ್ಲ. ಈ ಸಲ ಊಟ ಬಿಟ್ಟದ್ದೇ ಅದರ ಜೀವ ಉಳಿಸಿತು. ಒಂದು ದಿನ ಮೊದಲಾಗಿದ್ದರೆ ಆ ಮಿಡತೆಯನ್ನು ಹಿಡಿದು ತಿಂದೇ ಬಿಡುತ್ತಿತ್ತು.

ಸತ್ತ ಮಿಡತೆಯನ್ನು ಮೆತ್ತಗೆ ತೆಗೆದೆವು. ಬದುಕಿದ್ದ ಮಿಡತೆಯನ್ನೂ ಈ ಸಮಯದಲ್ಲಿ ಒಳಗೆ ಬಿಡಬಾರದು. ಪೊರೆ ಬಿಡುವಾಗ ಮೈ ಮೆತ್ತಗಿರುತ್ತದೆ, ಊಟವಾಗಬೇಕಾದದ್ದೇ ಬಂದು ಕಚ್ಚಿಬಿಡಬಹುದು. ಪರದೆಯ ಮೇಲೆ ಒಂದೆರಡು ಹನಿ ನೀರು ಚಿಮುಕಿಸಿ, ದೇವರ ಕೋಣೆಯ ಮೂಲೆಯಲ್ಲಿಟ್ಟೆವು. ಮಾರ್ಕೋನಹಳ್ಳಿಗೆ ಹೋಗೋಣವೇ ಎಂದರೆ ಪುಟ್ಟಿ ಕದಲಲಿಲ್ಲ. ಅವಳನ್ನು ಬಿಟ್ಟು ಹೋಗಲು ನನಗೆ ಮುಖವಿರಲಿಲ್ಲ.

ಮರುದಿನ ಬೆಳಗಿನ ಜಾವ, ಅಕ್ಕ ಹಾಲು ಕರೆಯಲು ಎದ್ದಾಗ ನಮ್ಮನ್ನೂ ಎಬ್ಬಿಸಿದಳು. ಸೂರ್ಯನ ಕುದುರೆಯ ಬೆನ್ನು ಬಿರಿದಿತ್ತು. ಮೊದಲು ಬೆನ್ನು, ಆಮೇಲೆ ತಲೆ, ಆಮೇಲೆ ಒಂದೊಂದೇ ಕಾಲು, ಕೈಚೀಲದಿಂದ ಬೆರಳು ಎಳೆದುಕೊಂಡ ಹಾಗೆ. ಕೆಳಗೆ ಜಾರಿ ಬಿದ್ದೇಬಿಟ್ಟಿತು ಎನ್ನುವಾಗ ಮೈ ಬಗ್ಗಿಸಿ ತನ್ನ ಪೊರೆಯನ್ನೇ ಹಿಡಿದುಕೊಂಡು ಮೇಲೇರಿತು. ಅರ್ಧ ಗಂಟೆಯಾಗಿರಬಹುದು, ಯಾರೂ ಮಾತಾಡಲಿಲ್ಲ. ಮುದುಡಿದ ಕಾಗದದಂತಿದ್ದ ರೆಕ್ಕೆಗಳು ನಿಧಾನವಾಗಿ ಕೆಳಗಿಳಿದು ಚಾಚಿಕೊಂಡವು. ಇಷ್ಟು ದಿನ ರೆಕ್ಕೆಯಿಲ್ಲದ ಕುದುರೆ ಕೊನೆಯ ಜ್ವರದಿಂದ ರೆಕ್ಕೆ ಬಿಚ್ಚಿಕೊಂಡು ಎದ್ದಿತ್ತು. ಹಾಲು ಕರೆಯುವುದು ಆ ದಿನ ತಡವಾಯಿತು.

ಎದ್ದೊಡನೆ ಊಟ ಬೇಡ, ಮೈ ಗಟ್ಟಿಯಾಗಲಿ ಎಂದು ಅಕ್ಕ ಹೇಳಿದ್ದಳು. ಹೇಗೂ ನಮ್ಮ ಬುತ್ತಿ ಖಾಲಿಯಾಗಿತ್ತು. ಮಧ್ಯಾಹ್ನ ಮೂವರೂ ಹೊಸ ಮಿಡತೆ ಹುಡುಕಿ ಹೊರಟೆವು. ರಾಗಿ ತೆನೆ ಕಟ್ಟುತ್ತಿತ್ತು, ಸಾಲಿನ ನಡುವೆ ಅವರೆ. ಹೆಜ್ಜೆಗೊಂದು ಮಿಡತೆ ಹಾರುತ್ತಿತ್ತು. ಆದರೆ ಅಕ್ಕ ಎಲ್ಲ ಕಡೆ ಹಿಡಿಯಲು ಬಿಡಲಿಲ್ಲ. ಟೊಮೆಟೊ ಹೊಲದ ಬದು ಬೇಡ. ಹೆದ್ದಾರಿಯ ಅಂಚು ಬೇಡ. ತನ್ನ ರಾಗಿಗೆ ಏನೂ ಹೊಡೆದಿಲ್ಲ, ಅಲ್ಲಿ ಹಿಡಿಯಿರಿ ಎಂದಳು.

ದಾರಿಯಲ್ಲಿ ಎಕ್ಕದ ಗಿಡವೊಂದಿತ್ತು. ಅದರ ಮೇಲೆ ಪುಟ್ಟಿ ಈವರೆಗೆ ನೋಡದ ಮಿಡತೆ: ಹಳದಿ ಮೈ, ಅದರ ಮೇಲೆ ನೀಲಿ ಪಟ್ಟೆ, ಬೆರಳಿನಷ್ಟು ದಪ್ಪ. ಹಾರಿ ಓಡುವ ಆತುರವೂ ಅದಕ್ಕಿಲ್ಲ. “ತಾತ, ಇದೊಂದೇ ಸಾಕು, ಮೂರು ದಿನದ ಊಟ!” ಎಂದು ಕೈ ಚಾಚಿದಳು. ನಾನು ಅವಳ ಕೈ ಹಿಡಿದೆ. ಈ ಒಂದು ವಿಷಯದಲ್ಲಾದರೂ ನನಗೆ ಮೊದಲೇ ಗೊತ್ತಿತ್ತು ಎಂಬುದೇ ಸಮಾಧಾನ.

ಎಕ್ಕದ ಹಾಲು ವಿಷ. ಕಣ್ಣಿಗೆ ಬಿದ್ದರೆ ಕೆಡುಕು ಎಂದು ಹಳ್ಳಿಯ ಮಕ್ಕಳಿಗೆಲ್ಲ ಗೊತ್ತು. ಈ ಮಿಡತೆ ಆ ಎಲೆಯನ್ನೇ ತಿಂದು, ಅದರ ವಿಷವನ್ನು ತನ್ನ ಮೈಯಲ್ಲೇ ಕೂಡಿಡುತ್ತದೆ. ಹಿಡಿದರೆ ರಸ ಚಿಮ್ಮುತ್ತದೆ. ಅಷ್ಟು ಢಾಳಾದ ಬಣ್ಣ ಬಳಿದುಕೊಂಡು ನಿಧಾನವಾಗಿ ಓಡಾಡುವುದೇ ‘ನನ್ನ ತಂಟೆಗೆ ಬರಬೇಡಿ’ ಎಂಬ ಬೋರ್ಡು. ಎಕ್ಕದ ಎಲೆ ತಿಂದು ಬೆಳೆಯುವ ಕಿತ್ತಳೆ ಬಣ್ಣದ ಚಿಟ್ಟೆಯೊಂದಿದೆ, ರೆಕ್ಕೆಯ ತುದಿ ಕಪ್ಪು. ಅದನ್ನೂ ಹಕ್ಕಿಗಳು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಅಲ್ಲಿ ಔಷಧಿ ಹೊಡೆದವರು ಯಾರೂ ಇಲ್ಲ, ಆದರೂ ಊಟ ವಿಷವೇ.

“ಹಾಗಾದ್ರೆ ಕಾಡಲ್ಲಿರೋ ಸೂರ್ಯನ ಕುದುರೆಗೆ ಯಾರು ಹೇಳಿಕೊಡ್ತಾರೆ?” ಎಂದಳು.

ಒಳ್ಳೆಯ ಪ್ರಶ್ನೆ. ಅಮೆರಿಕದಲ್ಲಿ ಎಕ್ಕದ ಜಾತಿಯದೇ ಗಿಡ ತಿನ್ನುವ ಕಂಬಳಿಹುಳುವನ್ನು ಒಂದು ಬಗೆಯ ಸೂರ್ಯನ ಕುದುರೆ ಹಿಡಿದಾಗ, ಅದರ ಕರುಳನ್ನು ಹೊರಗೆ ಬೀಳಿಸಿ ಉಳಿದದ್ದನ್ನು ತಿನ್ನುವುದನ್ನು ವಿಜ್ಞಾನಿಗಳು ಗಮನಿಸಿದ್ದಾರೆ. ಆದರೆ ಡಬ್ಬದಲ್ಲಿರುವ ಹುಳಕ್ಕೆ ಬೇರೆ ದಾರಿ ಇಲ್ಲ. ನಾವು ಹಾಕಿದ್ದೇ ಊಟ. ಆರಿಸುವ ಕೆಲಸ ನಮ್ಮದು. ಇದನ್ನು ಹೇಳುವಾಗ ಎಲೆಕೋಸು ನೆನಪಾಗಿ ಸುಮ್ಮನಾದೆ.

ಏಳು ಮಿಡತೆ ಹಿಡಿದೆವು. ಅಕ್ಕನ ಕ್ರಮ ಇವಕ್ಕೂ ಬಂತು: ಎರಡು ದಿನ ಬೇರೆ ಡಬ್ಬದಲ್ಲಿಟ್ಟು, ನಮಗೆ ಗೊತ್ತಿರುವ ಹುಲ್ಲು ಮತ್ತು ರಾಗಿ ಎಲೆ ಹಾಕಿ, ಚುರುಕಾಗಿದ್ದರೆ ಮಾತ್ರ ಸೂರ್ಯನ ಕುದುರೆಗೆ. ಆ ಎರಡು ದಿನದಲ್ಲಿ ಹಿಂದೆ ಎಲ್ಲೋ ತಿಂದಿದ್ದು ಹೊಟ್ಟೆಯಿಂದ ಹೋಗುತ್ತದೆ, ಹೊಟ್ಟೆ ತುಂಬ ಒಳ್ಳೆಯದು ಸೇರುತ್ತದೆ. ನೀರಿಗೆ ಬಟ್ಟಲಿಡಬಾರದು, ಮುಳುಗಿ ಸಾಯುತ್ತವೆ. ಒದ್ದೆ ಹತ್ತಿ ಸಾಕು. ಬಾಡಿದ್ದನ್ನು, ಬೂಷ್ಟು ಹಿಡಿದದ್ದನ್ನು ದಿನವೂ ತೆಗೆಯಬೇಕು. ಬಚ್ಚಲಿನ ಮೂಲೆಯಲ್ಲಿ ರಾತ್ರಿಯೆಲ್ಲ ಚಿರ್‌ಗುಟ್ಟುವ ಕಂದು ಹುಳುವೂ ಆಗುತ್ತದೆ. ಅದಕ್ಕೆ ರಾಗಿ ಹಿಟ್ಟು, ಗೋಧಿ ಬೂಸ, ಸಿಪ್ಪೆ ಹೆರೆದ ಕ್ಯಾರೆಟ್ ಅಥವಾ ಕುಂಬಳದ ಚೂರು ಇಟ್ಟರೆ ಸಾಕು. ಉಪ್ಪು ಖಾರ ಎಣ್ಣೆ ಹಾಕಿದ ನಮ್ಮ ಊಟದ ಎಂಜಲು ಬೇಡ. ಮನೆಯ ಜಿರಳೆಯನ್ನಂತೂ ಹಿಡಿದು ಹಾಕಲೇಬೇಡಿ. ಅದು ಯಾವ ಮೂಲೆಯಲ್ಲಿ ಯಾವ ಔಷಧಿ ನೆಕ್ಕಿ ಬಂದಿದೆಯೋ.

ಮಿಡತೆಗಳ ಎರಡು ದಿನ ಮುಗಿಯುವ ಮೊದಲೇ ಸೂರ್ಯನ ಕುದುರೆಗೆ ಹಸಿವಾಯಿತು. ಪುಟ್ಟಿ ಬೆರಳಾಡಿಸಿದರೆ ಬೆರಳಿಗೇ ಕೈ ಹಾಕಿತು. ಅವಳು ಹುಳುಮನೆಯ ಬಾಗಿಲಲ್ಲಿ ನಿಂತು ದೊಡ್ಡಜ್ಜಿಯ ಮುಖ ನೋಡಿದಳು, ಬಾಯಿಬಿಟ್ಟು ಕೇಳಲಿಲ್ಲ. ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದಳು. ರೇಷ್ಮೆ ಹುಳುವಿಗಿಂತ ಶುದ್ಧವಾದ ಊಟ ಸಿಗುವುದು ಕಷ್ಟ; ತೊಳೆದ ಕೈಯಲ್ಲಿ ಆರಿಸಿದ ಸೊಪ್ಪು ತಿಂದು ಬೆಳೆದದ್ದು. ಕೊನೆಗೆ, “ಅಗೋ, ಆ ತಟ್ಟೆ ಅಂಚಲ್ಲಿ ಬೆಳೆಯದೆ ಹಿಂದೆ ಬಿದ್ದಿರೋದು ಎರಡಿದೆ. ಸುಣ್ಣದ ಪುಡಿ ಮೆತ್ತಿಲ್ಲ ತಾನೇ ನೋಡ್ಕೋ. ಹಾಲುರೋಗದ್ದೂ ಅಲ್ಲ, ಮೈ ಊದಿಲ್ಲ. ಸಾಕಿದ ಕೈಯಲ್ಲಿ ನಾನು ಕೊಡಲಾರೆ, ನೀನೇ ತಗೋ” ಎಂದು ಒಳಗೆ ಹೋದಳು.

ಹೊರಡುವ ದಿನ ಅಕ್ಕ ಒಂದು ಸೇರು ರಾಗಿ ಕಟ್ಟಿಕೊಟ್ಟಳು. ಬಿತ್ತನೆಗೆಂದು ಅಂಗಡಿಯಿಂದ ತಂದ ಬೀಜವಲ್ಲ, ಅದಕ್ಕೆ ಔಷಧಿ ಸವರಿರುತ್ತಾರೆ. ಮುದ್ದೆಗೆಂದು ಇಟ್ಟ ರಾಗಿ. ಈಗ ನಮ್ಮ ತಾರಸಿಯಲ್ಲಿ ನಾಲ್ಕು ತೆಂಗಿನ ಚಿಪ್ಪುಗಳಲ್ಲಿ ಮಣ್ಣು ತುಂಬಿ ರಾಗಿ ಬಿತ್ತಿದ್ದೇವೆ. ವಾರದಲ್ಲಿ ಬೆರಳುದ್ದ ಪೈರು ಬರುತ್ತದೆ. ಒಂದು ಚಿಪ್ಪು ಮಿಡತೆಗಳು ಮೇಯುತ್ತಿರುತ್ತವೆ, ಒಂದು ಮೊಳೆಯುತ್ತಿರುತ್ತದೆ. ಚಿಪ್ಪುಗಳ ಮೇಲೆ ಪುಟ್ಟಿ ಸುಣ್ಣದಲ್ಲಿ ಬಿತ್ತಿದ ತಾರೀಖು ಬರೆದಿದ್ದಾಳೆ. ತರಕಾರಿ ತರಲು ನಾನು ಚೀಲ ಹಿಡಿದು ಹೊರಟರೆ ಮೆಟ್ಟಿಲ ಮೇಲಿಂದಲೇ ಕೂಗುತ್ತಾಳೆ: “ತಾತ, ಎಲೆಕೋಸು ಬೇಡ!” ನಮ್ಮ ಸೊಸೆಗೆ ಪಲ್ಯಕ್ಕೆ ಬೇಕಾಗಿರುವುದೂ ಅದೇ ಇರುತ್ತದೆ.